ಮಾರುಕಟ್ಟೆಯ ಮಾತು ಯಾರ ಮಾತು?

ಸಿಂಗಪುರದಲ್ಲಿ ಮನೆಸಾಲ ಮಾಡಿದ ಕನ್ನಡಿಗರಿಗೆ ‘ಸಿಬೋರ್’ ಅಪರಿಚಿತ ಪದವಲ್ಲ. ನಮ್ಮಲ್ಲಿ ಅನೇಕರ ಮಾಸಿಕ ಕಂತು ಬಹುಕಾಲ ಅದನ್ನೇ ಅವಲಂಬಿಸಿತ್ತು. ಆದರೆ ಆ ದರ ಹುಟ್ಟುತ್ತಿದ್ದುದು ನಡೆದ ವ್ಯವಹಾರದಿಂದಲ್ಲ, ‘ಈಗ ಸಾಲ ಕೇಳಿದರೆ ನಿಮಗೆ ಎಷ್ಟು ಬಡ್ಡಿಗೆ ಸಿಕ್ಕೀತು?’ ಎಂಬ ಪ್ರಶ್ನೆಯಿಂದ. ಉತ್ತರಿಸುತ್ತಿದ್ದವರು ಬ್ಯಾಂಕುಗಳು, ಉತ್ತರದಿಂದ ಲಾಭ ಪಡೆಯಬಲ್ಲವರೂ ಅವರೇ. 2013ರ ಜೂನ್‌ನಲ್ಲಿ ಸಿಂಗಪುರದ ಹಣಕಾಸು ಪ್ರಾಧಿಕಾರವು 20 ಬ್ಯಾಂಕುಗಳಿಗೆ ಛೀಮಾರಿ ಹಾಕಿತು. ಸಿಬೋರ್ ಮೊದಲಾದ ಮಾನದಂಡಗಳನ್ನು ತಮ್ಮತ್ತ ಎಳೆದುಕೊಳ್ಳಲು 133 ಡೀಲರುಗಳು ಯತ್ನಿಸಿದ್ದರು. ದರಗಳು ನಿಜಕ್ಕೂ ತಿರುಚಲ್ಪಟ್ಟವೆಂದು ಸಾಬೀತಾಗಲಿಲ್ಲ, ನಂಬಿಕೆಯಂತೂ ಉಳಿಯಲಿಲ್ಲ. 2024ರ ಕೊನೆಗೆ ಸಿಬೋರ್ ನಿಂತಿತು. ಅದರ ಜಾಗಕ್ಕೆ ಬಂದ ‘ಸೋರಾ’ ನಡೆದ ವ್ಯವಹಾರಗಳ ಲೆಕ್ಕ.

ಆದರೆ ಲೆಕ್ಕ ಹೇಳುವುದು ನಿನ್ನೆಯ ಮಾತು. ನಾಳೆಯದನ್ನು ಅರಿಯಲು ಕೇಂದ್ರೀಯ ಬ್ಯಾಂಕು ಯಾರನ್ನಾದರೂ ಕೇಳಲೇಬೇಕು. ಪ್ರಾಧಿಕಾರವು ಮೂರು ತಿಂಗಳಿಗೊಮ್ಮೆ ಅರ್ಥಶಾಸ್ತ್ರಜ್ಞರನ್ನೂ ವಿಶ್ಲೇಷಕರನ್ನೂ ಕೇಳಿ, ಬೆಳವಣಿಗೆ, ಹಣದುಬ್ಬರ, ವಿನಿಮಯ ದರಗಳ ಕುರಿತ ಅವರ ಅಂದಾಜನ್ನು ಪ್ರಕಟಿಸುತ್ತದೆ. ಇದು ಮೆಚ್ಚತಕ್ಕದ್ದು. ತೊಡಕಿರುವುದು ಮುಚ್ಚಿದ ಬಾಗಿಲ ಹಿಂದಿನ ಮಾತುಕತೆಯಲ್ಲಿ. 1981ರಿಂದ ಇಲ್ಲಿನ ಹಣಕಾಸು ನೀತಿ ಬಡ್ಡಿಯ ಬದಲು ವಿನಿಮಯ ದರದ ಮೂಲಕ ನಡೆಯುತ್ತದೆ. ಡಾಲರು ಏರಿಳಿಯಬಹುದಾದ ಮಿತಿಗಳು ಗುಟ್ಟು. ಆ ಗುಟ್ಟನ್ನು ಊಹಿಸಿ ಹಣ ಹೂಡುವವನಿಗೆ ಪ್ರಾಧಿಕಾರ ಕೇಳುವ ಪ್ರಶ್ನೆಯೇ ಒಂದು ಸುಳಿವು. ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕು ತಾನು ಡೀಲರುಗಳಿಗೆ ಕಳಿಸುವ ಪ್ರಶ್ನಾವಳಿಯನ್ನೇ ಎಲ್ಲರ ಮುಂದಿಡುತ್ತದೆ. ಸಿಂಗಪುರವೂ ತನ್ನ ಸಮಾಲೋಚನೆಗಳಲ್ಲಿ ಯಾರನ್ನು ಕಂಡಿತು, ಏನು ಕೇಳಿತು ಎಂಬುದನ್ನು ಹಾಗೆಯೇ ಪ್ರಕಟಿಸಲಿ.

ಇನ್ನು, ‘ಮಾರುಕಟ್ಟೆ’ ಎಂದರೆ ಡೀಲರುಗಳಷ್ಟೇ ಏಕಾಗಬೇಕು? ಭಾರತೀಯ ರಿಸರ್ವ್ ಬ್ಯಾಂಕು 2005ರಿಂದ ಬೆಂಗಳೂರೂ ಸೇರಿದಂತೆ ಹಲವು ನಗರಗಳ ಮನೆಮಂದಿಯನ್ನು ‘ಬೆಲೆಗಳು ಎಷ್ಟು ಏರುತ್ತಿವೆ, ಮುಂದೆಷ್ಟು ಏರಬಹುದು’ ಎಂದು ಕೇಳುತ್ತದೆ. ಅವರ ಅಂದಾಜು ಸಾಮಾನ್ಯವಾಗಿ ಅಧಿಕೃತ ಅಂಕಿಗಿಂತ ಹೆಚ್ಚು, ಪಂಡಿತರು ನಗುತ್ತಾರೆ. ಆದರೆ ಮನುಷ್ಯ ಕೂಲಿ ಕೇಳುವುದು ತರಕಾರಿ ಅಂಗಡಿಯ ಬೆಲೆ ನೋಡಿ, ಸೂಚ್ಯಂಕ ನೋಡಿ ಅಲ್ಲ. ತುವಾಸಿನ ವಸತಿಗೃಹದಲ್ಲಿರುವ ವಲಸೆ ಕಾರ್ಮಿಕ ಊಟಕ್ಕೆಷ್ಟು ತೆರುತ್ತಾನೆ, ಊರಿಗೆ ಕಳಿಸಲು ಎಷ್ಟು ಉಳಿಯುತ್ತದೆ ಎಂಬುದೂ ಈ ದೇಶದ ಆರ್ಥಿಕತೆಯ ಸುದ್ದಿಯೇ. ಮುಂದಿನ ಸಮೀಕ್ಷೆಯ ಪ್ರಶ್ನೆಗಳು ಅವನ ಭಾಷೆಯಲ್ಲೂ ಅಚ್ಚಾಗಲಿ.