ಮಗ್ಗ ಹೊಸದಾದರೆ ಸಾಕೆ?

ಉತ್ಪಾದನೆ ಕುಸಿದಾಗಲೆಲ್ಲ ಧಣಿಗಳ ಬಾಯಲ್ಲಿ ಒಂದೇ ಮಂತ್ರ: ಹೊಸ ಯಂತ್ರ ತರುತ್ತೇವೆ, ಆಳು ಇಳಿಸುತ್ತೇವೆ. ಸುಧಾರಣೆಯೆಂದರೆ ಹಡಗಿನಲ್ಲಿ ಬಂದಿಳಿಯುವ ಸರಕೆಂದು ಇವರ ನಂಬಿಕೆ. ಕೂಲಿಕಾರನಿಗೆ ಕೈ ಇದೆ, ತಲೆ ಇಲ್ಲ ಎಂಬುದೇ ಅದರ ತಿರುಳು. ಇದು ಸುಳ್ಳೆಂದು ನಮ್ಮ ದೇಶದ ಗಿರಣಿಯೊಂದರಲ್ಲೇ ರುಜುವಾತಾಗಿ ಎಪ್ಪತ್ತು ವರ್ಷ ಮೀರಿತು.

ಅಹಮದಾಬಾದಿನ ಕ್ಯಾಲಿಕೊ ಗಿರಣಿಯವರು 1952ರಲ್ಲಿ ಸ್ವಯಂಚಾಲಿತ ಮಗ್ಗ ಹಾಕಿದರು. ಮಗ್ಗ 224, ಜನ 29. ಕೆಲಸವನ್ನು 12 ತುಂಡು ಮಾಡಿ ಹಂಚಿದ್ದರು. ನೇಯುವವನಿಗೆ ಇಷ್ಟು ಮಗ್ಗ, ಕಂಡಿಕೆ ತುಂಬುವವನಿಗೆ ಬೇರೆ ಲೆಕ್ಕ, ಕಡಿದ ಎಳೆ ಕಟ್ಟುವವನಿಗೆ ಇನ್ನೊಂದು. ಒಬ್ಬನ ಮಗ್ಗ ನಿಂತರೆ ಓಗೊಡಬೇಕಾದವನು ಮತ್ತೊಬ್ಬನ ಮಗ್ಗದ ಬಳಿ! ಯಂತ್ರ ಹೊಚ್ಚ ಹೊಸದು, ಫಲ ಮಾತ್ರ ಎಣಿಸಿದಷ್ಟಿಲ್ಲ.

1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ. ಕೆ. ರೈಸ್ ಬಂದು, ಏಳು ಜನರ ತಂಡಕ್ಕೆ 64 ಮಗ್ಗ ಒಪ್ಪಿಸಿದರೆ ಹೇಗೆ ಎಂದರು. ಸೂಚನೆ ಅವರದು, ನಿಜ. ಅದನ್ನು ಕೈಗೆತ್ತಿಕೊಂಡು ಯಾರ ಜೊತೆ ಯಾರೆಂದು ಗೊತ್ತುಮಾಡಿದವರು ಕೆಲಸಗಾರರೇ. ಮೊದಮೊದಲ ತಡವರಿಕೆ ಕಳೆದ ಮೇಲೆ ಮಗ್ಗಗಳ ದಕ್ಷತೆ ನೂರಕ್ಕೆ ಸುಮಾರು 80ರಿಂದ 95ಕ್ಕೆ ಏರಿತು. ಕೆಡುತ್ತಿದ್ದ ಬಟ್ಟೆ 32ರಿಂದ 20ಕ್ಕೆ ಇಳಿಯಿತು. ಮಗ್ಗಗಳು ಅವೇ. ಬದಲಾದದ್ದು ಅವನ್ನು ನಡೆಸುವವರ ನಡುವಣ ಸಂಬಂಧ. (ಆಡಳಿತ ಶಾಸ್ತ್ರದ ಪಂಡಿತರು ಇಂದಿಗೂ ರೈಸರ ಹೆಸರು ಹೇಳುತ್ತಾರೆ, ಆ ಏಳೇಳು ಜನರ ಹೆಸರು ಹೇಳುವವರಿಲ್ಲ.)

1970ರಲ್ಲಿ ಎರಿಕ್ ಮಿಲ್ಲರ್ ಅಲ್ಲಿಗೆ ಮರಳಿ ನೋಡಿದಾಗ ಒಂದು ಶೆಡ್ಡಿನಲ್ಲಿ ತಂಡದ ಪದ್ಧತಿ ನಿಂತಿತ್ತು, ಉಳಿದೆಡೆ ಸಡಿಲಿತ್ತು. ನಮಗೇನೂ ಆಶ್ಚರ್ಯವಿಲ್ಲ. ಧಣಿಯ ಕೃಪೆಯಿಂದ ಬಂದದ್ದು, ಹಕ್ಕಾಗಿ ಬಂದದ್ದಲ್ಲ. ಆಡಳಿತದಲ್ಲಿ ಕಾರ್ಮಿಕರ ಪಾಲುಗಾರಿಕೆ ಇರಬೇಕೆಂದು 1976ರಲ್ಲಿ ಸಂವಿಧಾನಕ್ಕೆ 43ಎ ವಿಧಿ ಸೇರಿತು. ಸೇರಿದ್ದು ನಿರ್ದೇಶಕ ತತ್ವಗಳ ಸಾಲಿಗೆ, ಕೋರ್ಟಿಗೆ ಹೋಗಿ ಕೇಳುವಂತಿಲ್ಲ!

ಈಗಿನ ಮಾತು ಇನ್ನೂ ಚೆಂದ. ಸರ್ಕಾರದ ಅನುಮತಿಯಿಲ್ಲದೆ ಜನರನ್ನು ತೆಗೆಯುವಂತಿಲ್ಲ ಎಂಬ ಕಟ್ಟು ಹಿಂದೆ 100 ಜನರಿದ್ದ ಕಾರ್ಖಾನೆಗೂ ಇತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಅದನ್ನು 300ಕ್ಕೆ ಏರಿಸಿತು. ಬರುವ ತಿಂಗಳು ಇರುತ್ತೇನೋ ಇಲ್ಲವೋ ಎಂಬ ಗುತ್ತಿಗೆಯ ಆಳು, ಎಳೆ ಎಲ್ಲಿ ಕಡಿಯುತ್ತದೆ, ಯಾಕೆ ಕಡಿಯುತ್ತದೆ ಎಂದು ಯಾರಿಗೆ ಹೇಳಿಯಾನು? ಹೇಳಿದರೆ ಪಕ್ಕದವನ ಅನ್ನ ಹೋಗುತ್ತದೆ, ಇಲ್ಲವೆ ಅವನದೇ. ಬಾಯಿ ಮುಚ್ಚಿಕೊಂಡಿರುವುದು ಅವನ ವಿವೇಕ. ಅಂಗಡಿಕಾರ ಮಿತ್ರರೆ, ಹತ್ತು ವರ್ಷ ನಿಮ್ಮ ಜೊತೆಗಿದ್ದ ಹುಡುಗನಿಗೆ ಯಾವ ಗಿರಾಕಿಗೆ ಯಾವ ಅಕ್ಕಿ ಬೇಕೆಂಬುದು ಗೊತ್ತು. ತಿಂಗಳಿಗೊಬ್ಬನನ್ನು ಬದಲಿಸಿ ನೀವು ವ್ಯಾಪಾರ ನಡೆಸುತ್ತೀರಾ?

ಮುಂದಿನ ಒಪ್ಪಂದದ ಮಾತುಕತೆಗೆ ಕೂರುವ ಸಂಗಾತಿಗಳು ಬೋನಸ್ಸಿನ ಜೊತೆಗೆ ಇದನ್ನೂ ಬರವಣಿಗೆಯಲ್ಲಿ ಕೇಳಲಿ: ಕೆಲಸಗಾರ ಕೊಟ್ಟ ಸೂಚನೆಯಿಂದ ಯಾರೊಬ್ಬರ ಕೆಲಸವೂ ಹೋಗಕೂಡದು, ಅದರಿಂದ ಹೆಚ್ಚಿದ ಲಾಭದಲ್ಲಿ ಕೂಲಿಗೆ ಪಾಲು ಬರಬೇಕು, ಹೊಸ ಮಗ್ಗ ಕಲಿಯುವ ದಿನಗಳಿಗೆ ಪೂರ್ತಿ ಸಂಬಳ ಸಲ್ಲಬೇಕು.