ಪುಸ್ತಕ ಬಹಳ, ಹುದ್ದೆ ವಿರಳ

ನಮ್ಮ ತಂದೆಯವರದೊಂದು ದೃಢವಾದ ನಂಬಿಕೆ. ಕೇರಳದಲ್ಲಿ ನಾಲ್ಕು ಹೆಜ್ಜೆಗೊಂದು ವಾಚನಾಲಯವಿದೆ. ಆದುದರಿಂದ ಗ್ರಂಥಾಲಯ ವಿಜ್ಞಾನ ಓದಿದವರಿಗೆ ಕೆಲಸಕ್ಕೇನೂ ಬರವಿಲ್ಲ ಎಂಬುದು. ಕೊಚ್ಚಿಯ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುತ್ತಿರುವ ನನ್ನ ತಂಗಿಗೆ, "ಅದನ್ನು ಬಿಟ್ಟು ಇದನ್ನು ಓದು" ಎಂದು ಹೇಳಿಯೇಬಿಟ್ಟರು. ಅವಳು ನನ್ನನ್ನು ಕೇಳಿದಳು. ಗುಮಾಸ್ತನಾದ ನಾನು ವಿಚಾರಿಸಿ ತಿಳಿದುದನ್ನು ಓದುಗರ ಮುಂದೆಯೂ ಇಡುತ್ತೇನೆ. ನಮ್ಮ ಸಂಘದ ಬೇರೆ ಮನೆಗಳಲ್ಲಿಯೂ ಇದೇ ಮಾತು ನಡೆಯುತ್ತಿರಬಹುದು.

ವಾಚನಾಲಯಗಳು ಬಹಳವೆಂಬುದು ನಿಜ. ತಿರುವನಂತಪುರದ ಸಾರ್ವಜನಿಕ ಗ್ರಂಥಾಲಯ 1829ರಷ್ಟು ಹಳೆಯದು. 1945ರಲ್ಲಿ ಪಿ. ಎನ್. ಪಣಿಕ್ಕರ್ ಅವರು ಅಂಬಲಪ್ಪುಳದಲ್ಲಿ 47 ಗ್ರಂಥಾಲಯಗಳನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಇಂದು ಗ್ರಂಥಾಲಯಗಳ ಸಂಖ್ಯೆ ಸಾವಿರಗಟ್ಟಲೆ. ಆದರೆ ಅವುಗಳಲ್ಲಿ ಹೆಚ್ಚಿನವು ಊರವರು ಕಟ್ಟಿಕೊಂಡವು, ಸರ್ಕಾರದ ಕಚೇರಿಗಳಲ್ಲ. 1989ರ ಕಾಯಿದೆಯಂತೆ ಏರ್ಪಟ್ಟ ಲೈಬ್ರರಿ ಕೌನ್ಸಿಲ್ ಅವಕ್ಕೆ ಸಹಾಯಧನ ಕೊಡುತ್ತದೆ. ಅಲ್ಲಿ ಕುಳಿತು ಪುಸ್ತಕ ಕೊಡುವವರಿಗೆ ದೊರೆಯುವುದು ಭತ್ಯೆಯೇ ಹೊರತು ಸರ್ಕಾರಿ ಸಂಬಳವಲ್ಲ. ಸರ್ಕಾರಿ ಶಾಲೆಗಳಲ್ಲಂತೂ ಬಹುಮಟ್ಟಿಗೆ ಪುಸ್ತಕದ ಬೀರುವಿನ ಬೀಗದ ಕೈ ಯಾರಾದರೊಬ್ಬ ಅಧ್ಯಾಪಕರ ಜೇಬಿನಲ್ಲಿ!

ಕನ್ನಡನಾಡಿಗೆ ಹೋದರೆ? ಅಲ್ಲಿ 1965ರ ಕಾಯಿದೆಯ ಫಲವಾಗಿ ಗ್ರಂಥಾಲಯಗಳಿಗೆ ಒಂದು ಸರ್ಕಾರಿ ಇಲಾಖೆಯೇ ಉಂಟು. ಆದರೂ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಮೇಲ್ವಿಚಾರಕರು ಬಹುಕಾಲ ಗೌರವಧನದ ಮೇಲೆಯೇ ದುಡಿದರು.

ಹಾಗಾದರೆ ಸಂಬಳದ ಹುದ್ದೆಗಳೆಲ್ಲಿ? ರಾಜ್ಯದ ಹುದ್ದೆಗಳಿಗೆ ತಿರುವನಂತಪುರದ ಪಟ್ಟಂನಲ್ಲಿರುವ ಪಬ್ಲಿಕ್ ಸರ್ವಿಸ್ ಕಮಿಷನ್ ಪರೀಕ್ಷೆ ನಡೆಸುತ್ತದೆ. ಇಲ್ಲೊಂದು ಎಚ್ಚರಿಕೆ: ರ್‍ಯಾಂಕ್ ಪಟ್ಟಿಯಲ್ಲಿ ಹೆಸರು ಬಂದರೆ ಕೆಲಸ ಬಂದಂತಲ್ಲ. ಖಾಲಿ ಹುದ್ದೆಯನ್ನು ಕಚೇರಿಯು ಕಮಿಷನ್ನಿಗೆ ತಿಳಿಸಿದರೆ ಮಾತ್ರ ಕರೆ ಬರುತ್ತದೆ. ಪಟ್ಟಿಯ ಆಯುಸ್ಸಾದರೋ ಸಾಮಾನ್ಯವಾಗಿ ಮೂರು ವರ್ಷ ಮೀರದು. ಕೇಂದ್ರೀಯ ವಿದ್ಯಾಲಯಗಳಲ್ಲಿ ಗ್ರಂಥಾಲಯ ವಿಜ್ಞಾನದ ಪದವೀಧರರಿಗೆ ಅವಕಾಶವಿದೆ. ಹಿಂದಿಯೂ ಸ್ವಲ್ಪ ತಿಳಿದಿರಬೇಕು. ಕಾಲೇಜುಗಳಿಗೆ ಸ್ನಾತಕೋತ್ತರ ಪದವಿಯಲ್ಲಿ ನೂರಕ್ಕೆ 55 ಅಂಕ ಬೇಕು. ಅದರ ಮೇಲೆ ಸಾಮಾನ್ಯವಾಗಿ ನೆಟ್ ಪರೀಕ್ಷೆಯನ್ನೂ ದಾಟಬೇಕು.

ಇಷ್ಟನ್ನೂ ಹೇಳಿ, "ಓದು, ಆದರೆ ಕೈಯಲ್ಲಿರುವ ಕೆಲಸ ಬಿಡಬೇಡ" ಎಂದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಮೂಲಕ ಮನೆಯಲ್ಲಿದ್ದೇ ಈ ಪದವಿಗೆ ಓದಬಹುದು. ತಂದೆಯವರು ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಹಿಂದಿ ಪುಸ್ತಕವೊಂದು ತಂದುಕೊಡು ಅವಳಿಗೆ" ಎಂದರು.

ತಂಗಿ ಈಗ ಭಾನುವಾರಗಳಂದು ನಮ್ಮ ಸಂಘದ ಬೀರುವಿನ ಕನ್ನಡ ಪುಸ್ತಕಗಳಿಗೆ ಪಟ್ಟಿ ಬರೆಯುತ್ತಿದ್ದಾಳೆ. ಸಂಬಳವಿಲ್ಲದಿದ್ದರೂ ಕೈ ಪಳಗುತ್ತದೆ. ಎರವಲು ಒಯ್ದು ಮರೆತಿರುವ ಮಹನೀಯರು ದಯಮಾಡಿ ಪುಸ್ತಕಗಳನ್ನು ಹಿಂತಿರುಗಿಸಿದರೆ ಅವಳ ಪಟ್ಟಿ ಪೂರ್ಣವಾದೀತು.