ಚಳಿಯ ಬೆಳಗ್ಗೆ ಕಾರು ಕೆಮ್ಮಿದರೆ

ಸಕಲೇಶಪುರದ ಕಡೆಯಿಂದ ಸೋದರಿಯೊಬ್ಬರು ಬರೆದಿದ್ದಾರೆ: "ವಾರಕ್ಕೆ ಎರಡು ಸಲ ಅತ್ತೆಯವರನ್ನು ಡಯಾಲಿಸಿಸ್‌ಗೆಂದು ಹಾಸನಕ್ಕೆ ನಾನೇ ಕಾರಿನಲ್ಲಿ ಕರೆದೊಯ್ಯುತ್ತೇನೆ. ಯಜಮಾನರಿಗೆ ದೂರದ ಊರಿನಲ್ಲಿ ನೌಕರಿ. ಧನುರ್ಮಾಸ ಬಂತೆಂದರೆ ನಮ್ಮ ಪೆಟ್ರೋಲ್ ಕಾರಿಗೆ ಅದೇನೋ ಕಾಯಿಲೆ. ಬೆಳಗಿನ ಆರು ಗಂಟೆಗೆ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತದೆ, ಏರಿನಲ್ಲಿ ಎಳೆಯೋದಿಲ್ಲ, ಎದುರಿಗೆ ಹಳದಿ ದೀಪ ಹತ್ತುತ್ತದೆ. ಹತ್ತು ಗಂಟೆಗೆ ಗ್ಯಾರೇಜಿಗೆ ಒಯ್ದರೆ ಒಂದು ತಕರಾರೂ ಇಲ್ಲ. 'ಮೇಡಂ, ನಿಮಗೆ ಹಾಗನ್ನಿಸುತ್ತೆ ಅಷ್ಟೆ' ಅಂತಾರೆ. ಈ ಕಾರನ್ನು ನಂಬಿ ಅತ್ತೆಯವರನ್ನು ಕೂರಿಸಿಕೊಂಡು ಹೋಗಬಹುದೇ?"

ಇಲ್ಲ ಸೋದರಿ, ಇದು ನಿಮ್ಮ ಭ್ರಮೆಯಲ್ಲ. ಚಳಿಯಲ್ಲಿ ಕಾಣಿಸಿಕೊಂಡು ಬಿಸಿಲೇರಿದ ಮೇಲೆ ಮಾಯವಾಗುವ ಈ ದೋಷಕ್ಕೆ ಗ್ಯಾರೇಜಿನವರೇ ಇಟ್ಟ ಹೆಸರಿದೆ. "ಇಂಜಿನ್ ಮಿಸ್ಸಿಂಗ್ ಹೊಡೀತಿದೆ" ಅನ್ನುತ್ತಾರೆ. ಮಲೆನಾಡು, ಕೊಡಗಿನ ಕಡೆಯ ಇತರ ಓದುಗರಿಗೂ ಉಪಯೋಗವಾಗಲೆಂದು ಈ ಸಲ ಇದನ್ನೇ ವಿವರವಾಗಿ ಹೇಳುತ್ತೇನೆ.

ನಡುಗುವುದೇಕೆ?

ಕಾರಿನ ಇಂಜಿನ್ನಿನಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಸಿಲಿಂಡರುಗಳಿರುತ್ತವೆ. ಪ್ರತಿಯೊಂದರೊಳಗೂ ಪೆಟ್ರೋಲಿನ ಆವಿ ಮತ್ತು ಗಾಳಿ ಬೆರೆತು, ಸ್ಪಾರ್ಕ್ ಪ್ಲಗ್ಗಿನ ಕಿಡಿಯಿಂದ ಹೊತ್ತಿಕೊಳ್ಳಬೇಕು. ಇವುಗಳಲ್ಲಿ ಒಂದು ಹೊತ್ತದೆ ಹೋದರೆ, ನಾಲ್ವರು ಹೊತ್ತ ಪಲ್ಲಕ್ಕಿಗೆ ಒಬ್ಬ ಹೆಗಲು ಕೊಡದಿದ್ದಂತೆ ಗಾಡಿ ಕುಲುಕುತ್ತದೆ.

ಚಳಿಯಲ್ಲಿ ಹೊತ್ತಿಕೊಳ್ಳುವುದೇ ಕಷ್ಟ. ತಣ್ಣಗಿರುವ ಪೆಟ್ರೋಲ್ ಬೇಗ ಆವಿಯಾಗುವುದಿಲ್ಲ. ಹಿಂದಿನ ಅಂಬಾಸಿಡರಿನಲ್ಲಿ ಇದಕ್ಕಾಗಿ ಕೈಯಿಂದ ಚೋಕ್ ಎಳೆಯಬೇಕಿತ್ತು. ಈಗಿನ ಕಾರಿನಲ್ಲಿ ಒಳಗಿನ ಕಂಪ್ಯೂಟರೇ ಇಂಜಿನ್ನಿನ ಶಾಖ ನೋಡಿಕೊಂಡು ಹೆಚ್ಚು ಪೆಟ್ರೋಲ್ ಬಿಡುತ್ತದೆ. ಶಾಖ ಅಳೆಯುವ ಸೆನ್ಸರ್ ತಪ್ಪು ಲೆಕ್ಕ ಕೊಟ್ಟರೆ ಪೆಟ್ರೋಲಿನ ಅಳತೆಯೂ ಕೆಡುತ್ತದೆ.

ಇನ್ನು ಕಿಡಿಯ ವಿಚಾರ. ಪ್ಲಗ್ ಸವೆದಿದ್ದರೆ ಕಿಡಿ ಹಾರುವುದಕ್ಕೆ ಹೆಚ್ಚಿನ ವಿದ್ಯುತ್ ಒತ್ತಡ ಬೇಕು. ಆ ಒತ್ತಡ ಒದಗಿಸುವ ಇಗ್ನಿಷನ್ ಕಾಯಿಲಿನ ರಬ್ಬರಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದು, ಅಲ್ಲಿ ಮಂಜಿನ ಪಸೆ ಕೂತರೆ, ಕಿಡಿ ಪ್ಲಗ್ಗಿಗೆ ತಲುಪುವ ಮೊದಲೇ ಪಕ್ಕಕ್ಕೆ ಸೋರಿಹೋಗುತ್ತದೆ. ಚಳಿಯಲ್ಲಿ ಬ್ಯಾಟರಿಯ ಶಕ್ತಿಯೂ ಕುಗ್ಗಿರುತ್ತದೆ. ಇಂಜಿನ್ ಕಾದು ಪಸೆ ಆರಿದ ಮೇಲೆ ಎಲ್ಲವೂ ಸರಿ! ಹತ್ತು ಗಂಟೆಗೆ ಮೆಕ್ಯಾನಿಕ್ಕಿನ ಕಣ್ಣಿಗೆ ಏನೂ ಬೀಳದಿರುವುದು ಇದರಿಂದಲೇ.

ಆದರೆ ಎಲ್ಲಕ್ಕೂ ಗಾಬರಿ ಬೇಡ. ಸ್ಟಾರ್ಟ್ ಮಾಡಿದ ಮೊದಲ ಒಂದೆರಡು ನಿಮಿಷ ಇಂಜಿನ್ ಸ್ವಲ್ಪ ಜೋರಾಗಿ ಓಡುವುದು, ಸೈಲೆನ್ಸರಿನಿಂದ ಬಿಳಿ ಹಬೆ ಬರುವುದು, ನಾಲ್ಕು ಹನಿ ನೀರು ತೊಟ್ಟಿಕ್ಕುವುದು ಸಹಜ. ಇಂಜಿನ್ ಪೂರ್ತಿ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಮಾತ್ರ ಕೂಡಲೇ ತೋರಿಸಿ.

ಹಳದಿ ದೀಪದ ಮಾತು

ಇಂಜಿನ್ನಿನ ಚಿತ್ರವಿರುವ ಹಳದಿ ದೀಪಕ್ಕೆ ಚೆಕ್ ಇಂಜಿನ್ ದೀಪ ಎನ್ನುತ್ತಾರೆ. ಕೀಲಿ ತಿರುಗಿಸಿದಾಗ ಅದು ಹತ್ತಬೇಕು, ಇಂಜಿನ್ ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಎರಡು ರೀತಿಯಲ್ಲಿ ಮಾತಾಡುತ್ತದೆ.

ದೀಪ ಸುಮ್ಮನೆ ಉರಿಯುತ್ತಿದ್ದು, ಕಾರು ನಡುಗದೆ ಓಡುತ್ತಿದ್ದರೆ, ನಿಧಾನವಾಗಿ ಹೋಗಿಬನ್ನಿ. ಒಂದೆರಡು ದಿನದೊಳಗೆ ಗ್ಯಾರೇಜಿಗೆ ತೋರಿಸಿ.

ದೀಪ ಮಿಟುಕಿಸುತ್ತಿದ್ದರೆ ಮಾತ್ರ ಅಲಕ್ಷ್ಯ ಮಾಡಲೇಬೇಡಿ. ಇಂಜಿನ್ ಆ ಕ್ಷಣದಲ್ಲೇ ಜೋರಾಗಿ ಮಿಸ್ಸಿಂಗ್ ಹೊಡೆಯುತ್ತಿದೆ ಎಂದು ಅರ್ಥ. ಉರಿಯದ ಪೆಟ್ರೋಲ್ ಹೊಗೆಯ ಕೊಳವೆಗೆ ಹೋಗಿ, ಅಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದನ್ನು ವಿಪರೀತ ಕಾಯಿಸುತ್ತದೆ. ಒಂದು ಪ್ಲಗ್ಗಿನಲ್ಲಿ ಮುಗಿಯಬೇಕಾದ ಖರ್ಚು ಹತ್ತಾರು ಸಾವಿರಕ್ಕೆ ಏರುವುದು ಹೀಗೆ. ಆಕ್ಸಿಲರೇಟರಿನಿಂದ ಕಾಲು ಸಡಿಲಿಸಿ. ವೇಗ ತಗ್ಗಿದಾಗ ಮಿಟುಕುವುದು ನಿಂತರೆ ಹತ್ತಿರದ ಗ್ಯಾರೇಜಿನ ತನಕ ಮೆಲ್ಲಗೆ ಹೋಗಿ. ನಿಲ್ಲದಿದ್ದರೆ ರಸ್ತೆಯ ಬದಿಗೆ ನಿಲ್ಲಿಸಿ, ಇಂಜಿನ್ ಆರಿಸಿ. ಒಣಹುಲ್ಲಿನ ಮೇಲೆ ಮಾತ್ರ ನಿಲ್ಲಿಸಬೇಡಿ. ಕಾದ ಕೊಳವೆಗೆ ಹುಲ್ಲು ಹೊತ್ತಿಕೊಂಡೀತು.

ಸೋದರಿ, ನಿಮ್ಮ ಪ್ರಶ್ನೆಗೆ ನೇರ ಉತ್ತರ ಇಷ್ಟೆ. ನಿಮ್ಮ ಕಾರು ನಡುಗುತ್ತಿದೆ, ಏರಿನಲ್ಲಿ ಎಳೆಯುತ್ತಿಲ್ಲ, ದೀಪವೂ ಹತ್ತುತ್ತಿದೆ. ಡಯಾಲಿಸಿಸ್ ತಪ್ಪಿಸುವಂಥ ಚಿಕಿತ್ಸೆಯಲ್ಲ. ಕಾರು ರಿಪೇರಿಯಾಗುವ ತನಕ ಊರಿನ ಟ್ಯಾಕ್ಸಿಯವರಿಗೆ ಮೊದಲೇ ಹೇಳಿಟ್ಟುಬಿಡಿ. ಸುಮಾರು 40 ಕಿಲೋಮೀಟರ್ ದಾರಿಯ ನಡುವೆ, ಮಂಜಿನಲ್ಲಿ, ಕಾಯಿಲೆಯವರನ್ನು ಕೂರಿಸಿಕೊಂಡು ನಿಲ್ಲುವ ಪಾಡು ಬೇಡ.

ಉಳಿದ ದೀಪಗಳು

ಎಣ್ಣೆಯ ಗಿಂಡಿಯ ಚಿತ್ರವಿರುವ ಕೆಂಪು ದೀಪ ಓಡುವಾಗ ಹತ್ತಿದರೆ, ಬದಿಗೆ ನಿಲ್ಲಿಸಿ ಕೂಡಲೇ ಇಂಜಿನ್ ಆರಿಸಿ. "ಇನ್ನೊಂದು ಸ್ವಲ್ಪ ದೂರ" ಎನ್ನಬೇಡಿ. ಥರ್ಮಾಮೀಟರಿನಂಥ ಕೆಂಪು ದೀಪಕ್ಕೂ ನಿಲ್ಲಿಸಲೇಬೇಕು. ಅದೇ ಚಿತ್ರ ನೀಲಿ ಬಣ್ಣದಲ್ಲಿದ್ದರೆ ಇಂಜಿನ್ ಇನ್ನೂ ತಣ್ಣಗಿದೆ ಎಂದಷ್ಟೇ. ಸ್ವಲ್ಪ ದೂರ ಓಡಿದ ಮೇಲೆ ತಾನೇ ಆರುತ್ತದೆ. ಬ್ಯಾಟರಿಯ ಕೆಂಪು ದೀಪ ಹತ್ತಿದರೆ ಚಾರ್ಜ್ ಆಗುತ್ತಿಲ್ಲವೆಂದು ತಿಳಿಯಿರಿ. ಎಸಿ, ರೇಡಿಯೋ ಆರಿಸಿ ಹತ್ತಿರದ ಗ್ಯಾರೇಜು ಸೇರಿ. ಚಳಿಗೆ ಟೈರಿನೊಳಗಿನ ಗಾಳಿಯ ಒತ್ತಡವೂ ಇಳಿಯುತ್ತದೆ, ಸುಮಾರು 5 ಡಿಗ್ರಿಗೆ ಒಂದು ಪಾಯಿಂಟಿನಷ್ಟು. ಟೈರಿನ ಹಳದಿ ದೀಪ ಬೆಳಗ್ಗೆ ಹತ್ತಿದರೆ ಗಾಳಿ ನೋಡಿಸಿ. ಡೀಸೆಲ್ ಕಾರಿನವರು, ಸುರುಳಿಯಂಥ ಹಳದಿ ದೀಪ ಆರಿದ ಮೇಲೆಯೇ ಸೆಲ್ಫ್ ಹೊಡೆಯಬೇಕು.

ಗ್ಯಾರೇಜಿನಲ್ಲಿ ಏನು ಹೇಳಬೇಕು?

ಕುಕ್ಕರಿನ ವಿಷಲ್ ಕೇಳಿಯೇ ಒಳಗಿನ ಬೇಳೆಯ ಸ್ಥಿತಿ ಹೇಳಬಲ್ಲ ನಿಮಗೆ ಇಂಜಿನ್ನಿನ ಸದ್ದು ಗುರುತಿಸುವುದು ದೊಡ್ಡದಲ್ಲ. ನೋಡಿದ್ದನ್ನು ಬರೆದಿಟ್ಟುಕೊಳ್ಳಿ: ಎಷ್ಟು ಹೊತ್ತಿಗೆ, ಸ್ಟಾರ್ಟ್ ಮಾಡಿದ ಎಷ್ಟು ನಿಮಿಷಕ್ಕೆ, ನಿಂತಾಗಲೋ ಏರಿನಲ್ಲೋ, ಮಂಜಿದ್ದ ದಿನ ಮಾತ್ರವೋ, ದೀಪ ಉರಿಯಿತೋ ಮಿಟುಕಿತೋ. ಕಾರು ನಿಂತಿರುವಾಗ ಮೊಬೈಲಿನಲ್ಲಿ ದೀಪವನ್ನೂ ಸದ್ದನ್ನೂ ವಿಡಿಯೋ ಮಾಡಿಕೊಳ್ಳಿ.

ಎಲ್ಲಕ್ಕಿಂತ ಮುಖ್ಯವಾದದ್ದು, ಕಾರನ್ನು ಹಿಂದಿನ ಸಂಜೆಯೇ ಗ್ಯಾರೇಜಿನಲ್ಲಿ ಬಿಟ್ಟುಬನ್ನಿ. "ಬೆಳಗ್ಗೆ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ ನೋಡಿ" ಎನ್ನಿ. ಸ್ಕ್ಯಾನರ್ ಹಾಕಿಸಿ. ದೀಪ ಆರಿದ್ದರೂ ದೋಷದ ಸಂಖ್ಯೆ ಕಂಪ್ಯೂಟರಿನಲ್ಲಿ ಉಳಿದಿರುವುದುಂಟು. ಅಳಿಸುವ ಮೊದಲು ಬರೆದುಕೊಳ್ಳಿ. ಪಿ0301 ಎಂದರೆ ಒಂದನೇ ಸಿಲಿಂಡರಿನಲ್ಲಿ ಮಿಸ್ಸಿಂಗ್, ಪಿ0302 ಎಂದರೆ ಎರಡನೆಯದರಲ್ಲಿ. ಪಿ0300 ಬಂದರೆ ಯಾವುದೋ ಒಂದರಲ್ಲಿ ಎಂದು ನಿಲ್ಲದೆ ಅಲ್ಲಲ್ಲಿ ಆಗುತ್ತಿದೆಯೆಂದು ಅರ್ಥ.

ಸಂಖ್ಯೆ ಜಾಗವನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ. "ಎಲ್ಲಾ ಕಾಯಿಲ್ ಬದಲಾಯಿಸಬೇಕು" ಎಂದರೆ ತಕ್ಷಣ ಒಪ್ಪಬೇಡಿ. ಪ್ರತಿ ಸಿಲಿಂಡರಿಗೂ ಬೇರೆ ಕಾಯಿಲ್ ಇರುವ ಕಾರಾದರೆ, ಎರಡನೆಯದರ ಕಾಯಿಲನ್ನು ಮೂರನೆಯದಕ್ಕೆ, ಮೂರನೆಯದನ್ನು ಎರಡಕ್ಕೆ ಹಾಕಿ ನೋಡಲು ಹೇಳಿ. ದೋಷ ಪಿ0302ರಿಂದ ಪಿ0303ಕ್ಕೆ ಹೋದರೆ ಕಾಯಿಲೇ ಕಳ್ಳ. ಹೋಗದಿದ್ದರೆ ಪ್ಲಗ್, ಇಂಜೆಕ್ಟರ್, ವೈರುಗಳನ್ನು ನೋಡಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ.

ಮನೆಯಲ್ಲಿ ಮಾಡಬೇಕಾದ್ದು

* ಸಾಧ್ಯವಾದರೆ ಕಾರನ್ನು ಸೂರಿನಡಿ ನಿಲ್ಲಿಸಿ. ಮಂಜಿನ ಪಸೆ ಕಡಿಮೆಯಾಗುತ್ತದೆ.
* ಸೆಲ್ಫ್ ಎಳೆದೆಳೆದು ತಿರುಗಿದರೆ ಬ್ಯಾಟರಿ ಪರೀಕ್ಷೆ ಮಾಡಿಸಿ. ಸಾಮಾನ್ಯವಾಗಿ ಅದರ ಬಾಳಿಕೆ 3ರಿಂದ 5 ವರ್ಷ.
* ಚಳಿಗೆ ಇಲಿಗಳು ಬೆಚ್ಚಗಿರುವ ಬಾನೆಟ್ ಸೇರಿ ವೈರ್ ಕಡಿಯುತ್ತವೆ. ವಾರಕ್ಕೊಮ್ಮೆ ಎತ್ತಿ ನೋಡಿ. ಬೆಕ್ಕಿನ ಮರಿಗಳೂ ಮಲಗಿರಬಹುದು. ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ಟನ್ನು ಎರಡು ಸಲ ತಟ್ಟಿ.
* ಪ್ಲಗ್ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕೆಂದು ಕಾರಿನ ಪುಸ್ತಕದಲ್ಲಿ ನೋಡಿಕೊಳ್ಳಿ.

ಇನ್ನೊಂದು ಮಾತು. ಕಾರು ಕಾಯಲೆಂದು ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಪ್ರಾಣವನ್ನೇ ತೆಗೆಯುತ್ತದೆ. ಕಾರನ್ನು ಹೊರಗೆ ತಂದು, ಅರ್ಧ ನಿಮಿಷ ಬಿಟ್ಟು ಮೆಲ್ಲಗೆ ಹೊರಡಿ. ಓಡುತ್ತಾ ಓಡುತ್ತಾ ಅದೇ ಕಾಯುತ್ತದೆ.